ವಲಸೆಗೂ ಜೀತಕ್ಕೂ ನಡುವಿನ ಗೆರೆ ಎಲ್ಲಿದೆ?

ಬೆಂಗಳೂರು: ಜಯನಗರದ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್, ರೇಷ್ಮೆ ಮಂಡಳಿ ದಾಟಿ ಅದು ಆನೇಕಲ್ ತಾಲ್ಲೂಕನ್ನು ಮುಟ್ಟುತ್ತದೆ. ಬೆಳಗಿನ ರೈಲಿನಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ ಮಾತುಗಳೂ ಕಿವಿಗೆ ಬೀಳುತ್ತವೆ. ಕಂಬಗಳನ್ನು ನಿಲ್ಲಿಸಿದವರೂ, ಇಂದು ಆ ಕಂಬಗಳ ಮೇಲೆ ಪ್ರಯಾಣಿಸುವವರೂ ಬಹುಪಾಲು ಬೇರೆ ಊರುಗಳಿಂದ ಬಂದವರೇ. ಇಬ್ಬರಿಗೂ ನಾವು ಬಳಸುವ ಪದ ಒಂದೇ: ವಲಸಿಗರು.

ಹಾಗೆ ನೋಡಿದರೆ ದಕ್ಷಿಣ ಬೆಂಗಳೂರೇ ವಲಸೆಯ ಕೂಸು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರಿಂದ ಶಂಕುಸ್ಥಾಪನೆ ಕಂಡ ಜಯನಗರದ ಬಡಾವಣೆಗಳನ್ನು ತುಂಬಿದವರು ಸರ್ಕಾರಿ ನೌಕರಿ, ಬ್ಯಾಂಕು, ಕಾಲೇಜು, ಕಾರ್ಖಾನೆಗಳನ್ನು ಅರಸಿ ಬಂದ ಮೈಸೂರು, ಹಾಸನ, ತುಮಕೂರು, ಮಂಗಳೂರು ಸೀಮೆಯ ಕುಟುಂಬಗಳು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಬಿಟಿಎಂ ಎಂಬ ಹೆಸರು ಹುಟ್ಟಿತು. ಅಲ್ಲಿಗೆ ನಂತರದ ದಶಕಗಳಲ್ಲಿ ಗಣಕ ಉದ್ಯಮದ ಯುವಕ ಯುವತಿಯರು ಬಂದರು. ಇವರೆಲ್ಲರ ವಲಸೆಗೆ ಒಂದು ಸಾಮಾನ್ಯ ಲಕ್ಷಣವಿದೆ. ಊರು ಹಿಡಿಸದಿದ್ದರೆ, ಕೆಲಸ ಒಗ್ಗದಿದ್ದರೆ ಹಿಂತಿರುಗುವ ಬಾಗಿಲು ಅವರಿಗೆ ತೆರೆದೇ ಇತ್ತು. ಆ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಒಂದು ಪದ, ಎರಡು ಹಡಗು

ಪದದ ಆಯ್ಕೆ ಸಣ್ಣ ವಿಚಾರವಲ್ಲ. 2015ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಭೂಗೋಳ ಪಠ್ಯಪುಸ್ತಕ, ಆಫ್ರಿಕಾದಿಂದ ತರಲ್ಪಟ್ಟ ಗುಲಾಮರನ್ನು ‘ಕಾರ್ಮಿಕರು’ ಎಂದು ಕರೆದಿತ್ತು. ವಿದ್ಯಾರ್ಥಿಯೊಬ್ಬನ ತಾಯಿ ಅದನ್ನು ಬಹಿರಂಗಪಡಿಸಿದ ಮೇಲೆ ಪ್ರಕಾಶಕರು ತಿದ್ದಲು ಒಪ್ಪಿದರು. 2017ರ ಮಾರ್ಚ್‌ನಲ್ಲಿ ಆ ದೇಶದ ವಸತಿ ಸಚಿವರಾಗಿದ್ದ, ಸ್ವತಃ ಆಫ್ರಿಕನ್ ಮೂಲದವರಾದ ಬೆನ್ ಕಾರ್ಸನ್ ಅವರು ಗುಲಾಮರೂ ಹಡಗಿನ ತಳದಲ್ಲಿ ಬಂದ ವಲಸಿಗರೇ ಎಂಬರ್ಥದ ಮಾತನಾಡಿ ಟೀಕೆಗೆ ಗುರಿಯಾದರು. ಎರಡೂ ಅನುಭವಗಳು ಸಂಪೂರ್ಣ ಬೇರೆ ಎಂದು ಅದೇ ದಿನ ಅವರು ಸ್ಪಷ್ಟನೆ ನೀಡಬೇಕಾಯಿತು.

ಟೀಕೆಗೆ ಕಾರಣವಿತ್ತು. 16ರಿಂದ 19ನೇ ಶತಮಾನದ ನಡುವೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ಹಡಗುಗಳಿಗೆ ಹತ್ತಿಸಲಾಯಿತು. ಜೀವಸಹಿತ ಆಚೆ ದಡ ಸೇರಿದವರು ಸುಮಾರು 1.07 ಕೋಟಿ ಎಂದು ಇತಿಹಾಸಕಾರರ ಅಂದಾಜು. ಐರ್ಲೆಂಡಿನ ಕ್ಷಾಮದಿಂದ ಓಡಿಬಂದ ರೈತನೂ ಅದೇ ಸಮುದ್ರ ದಾಟಿದ, ಅವನೂ ಹಸಿದಿದ್ದ, ಅವನ ಹಡಗಿನಲ್ಲೂ ಜನ ಸತ್ತರು. ಆದರೆ ದಡ ಸೇರಿದ ಮೇಲೆ ಅವನು ತನ್ನ ಕೂಲಿಯನ್ನು ತಾನೇ ಎಣಿಸಿಕೊಂಡ, ತನ್ನ ಮಕ್ಕಳನ್ನು ತನ್ನವರೆಂದು ಕರೆದ, ಬೇಡವೆನಿಸಿದಾಗ ಮುಂದಿನ ಊರಿಗೆ ಹೊರಟ. ಇನ್ನೊಬ್ಬನಿಗೆ ಈ ಮೂರೂ ಇರಲಿಲ್ಲ. ಪ್ರಯಾಣದ ಕಷ್ಟವನ್ನಷ್ಟೇ ಅಳೆದರೆ ಇಬ್ಬರೂ ಒಂದೇ ಎಂಬ ತಪ್ಪು ನಿರ್ಣಯಕ್ಕೆ ಬರುವುದು ಸುಲಭ.

ಸಿದ್ದಿಗಳ ಹಾದಿ

ಇದು ದೂರದೇಶದ ಕಥೆ ಎನ್ನುವಂತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳಲ್ಲೂ, ನೆರೆಯ ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲೂ ನೆಲೆಸಿರುವ ಸಿದ್ದಿ ಸಮುದಾಯ ಕರ್ನಾಟಕದೊಳಗೇ ಇರುವ ಬಲವಂತದ ವಲಸೆಯ ಸಾಕ್ಷಿ. ಇವರ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕಾದ ಕರಾವಳಿಯಿಂದ ಗೋವೆಗೆ ಗುಲಾಮರಾಗಿ ತಂದರು. ಒಡೆಯರಿಂದ ತಪ್ಪಿಸಿಕೊಂಡವರೂ ಬಿಡುಗಡೆಗೊಂಡವರೂ ಘಟ್ಟದ ಕಾಡು ಸೇರಿದರು. 2011ರಲ್ಲಿ ಪ್ರಕಟವಾದ ಒಂದು ತಳಿವಿಜ್ಞಾನ ಅಧ್ಯಯನವೂ ಇವರ ಬಾಂಟು ಆಫ್ರಿಕನ್ ಮೂಲವನ್ನು ದೃಢಪಡಿಸಿತು.

ಹಿಂದೂ ಮಹಾಸಾಗರದ ಗುಲಾಮಗಿರಿ ಅಟ್ಲಾಂಟಿಕ್‌ನದ್ದಕ್ಕಿಂತ ಮೃದುವಾಗಿತ್ತೆಂದು ವಾದಿಸುವವರು ಮಲಿಕ್ ಅಂಬರ್‌ನ ಹೆಸರು ಹೇಳುತ್ತಾರೆ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಆತ ಅಹಮದ್‌ನಗರ ರಾಜ್ಯದ ಸೂತ್ರ ಹಿಡಿದು ಮೊಘಲರನ್ನು ವರ್ಷಗಟ್ಟಲೆ ಕಾಡಿದ್ದು ನಿಜ. ಒಬ್ಬ ಏರಿದನೆಂಬ ಮಾತ್ರಕ್ಕೆ ಏಣಿ ಎಲ್ಲರಿಗೂ ಇತ್ತೆಂದು ಹೇಳಲಾಗದು. ಕಾಡು ಸೇರಿದ ಸಿದ್ದಿಗಳ ಅನೇಕ ತಲೆಮಾರುಗಳು ಅಡಿಕೆ ತೋಟಗಳಲ್ಲೂ ಗದ್ದೆಗಳಲ್ಲೂ ಸಾಲದ ಆಳುಗಳಾಗಿಯೇ ದುಡಿದವು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲಿ ಮೊದಲ ಶಾಸಕರಾಗಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಈಗ ಸಿದ್ದಿ ತರುಣರು ಓದು, ಕ್ರೀಡೆ, ಕೆಲಸಗಳನ್ನು ಅರಸಿ ಬೆಂಗಳೂರಿಗೆ ಬರುತ್ತಾರೆ. ಹಿಡಿದು ತರಲ್ಪಟ್ಟವರ ಮರಿಮಕ್ಕಳು ತಾವಾಗಿ ವಲಸೆ ಬರುತ್ತಿದ್ದಾರೆ. ಅಚ್ಚ ಕನ್ನಡದಲ್ಲಿ ಮಾತನಾಡಿದರೂ ನಗರದಲ್ಲಿ ಅವರನ್ನು ವಿದೇಶೀಯರೆಂದೇ ಭಾವಿಸುವವರು ಕಡಿಮೆಯಿಲ್ಲ.

ಕದಲಗೊಡದ ಬಂಧನ

ಸಿದ್ದಿಗಳನ್ನು ಗುಲಾಮಗಿರಿ ಸಮುದ್ರ ದಾಟಿಸಿತು. ಆದರೆ ಕನ್ನಡನಾಡಿನ ಬಹುಪಾಲು ಜೀತ ಯಾರನ್ನೂ ಎಲ್ಲಿಗೂ ಒಯ್ಯಲಿಲ್ಲ. ಹುಟ್ಟಿದ ಕೇರಿಯಿಂದ ಕದಲಗೊಡದೆ ಕೂಡಿಹಾಕಿತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಕರಾವಳಿಯಲ್ಲಿ ಆಳುಗಳನ್ನು ಕೊಳ್ಳುವ, ಮಾರುವ, ಅಡವಿಡುವ ಪದ್ಧತಿಯನ್ನು ದಾಖಲಿಸಿದ್ದಾನೆ. ತುಳುನಾಡಿನ ಮೂಲದಾಳು ಹೆಸರೇ ಹೇಳುವಂತೆ ನೆಲಕ್ಕೆ ಅಂಟಿದವನು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನೆನಪಿರಬಹುದು: ಸಿಂಬಾವಿಯ ಜೀತದಾಳು ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ಕರೆದೊಯ್ಯುವುದು ಎರಡು ಜೀವಗಳ ಪ್ರೇಮದ ವಿಷಯವಾಗಿ ಉಳಿಯದೆ ಒಡೆಯರ ಆಸ್ತಿಯ ತಕರಾರೂ ಆಗುತ್ತದೆ.

ಆದ್ದರಿಂದ ಗುಲಾಮಗಿರಿಯನ್ನು ಬರಿಯ ‘ಬಲವಂತದ ವಲಸೆ’ ಎಂದು ವ್ಯಾಖ್ಯಾನಿಸಿದರೆ ಅರ್ಧವಷ್ಟೇ ಹೇಳಿದಂತಾಗುತ್ತದೆ. ಬಲವಂತವಾಗಿ ಕದಲಿಸುವುದು ಅದರ ಒಂದು ಮುಖ, ಬಲವಂತವಾಗಿ ತಡೆಯುವುದು ಇನ್ನೊಂದು. ಬಲವಂತದ ವಲಸೆಯೆಲ್ಲ ಗುಲಾಮಗಿರಿಯೂ ಅಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡ ಬಾಗಲಕೋಟೆ ಸೀಮೆಯವರು ಒಲ್ಲದ ಮನಸ್ಸಿನಿಂದ ಎದ್ದು ಹೋದವರು. ಆದರೂ ಅವರ ದುಡಿಮೆ ಅವರದ್ದಾಗಿಯೇ ಉಳಿಯಿತು.

ಬ್ರಿಟಿಷ್ ಆಡಳಿತ 1843ರ ಕಾಯ್ದೆಯ ಮೂಲಕ ಗುಲಾಮರ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. ಒಡೆತನದ ಜಾಗಕ್ಕೆ ಮೆಲ್ಲನೆ ಸಾಲ ಬಂದು ಕುಳಿತಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ತರುತ್ತಿದ್ದ ಕಾಲದಲ್ಲಿ, 1859ರ ಕಾಯ್ದೆಯೊಂದು ಮುಂಗಡ ಪಡೆದು ಕೆಲಸ ಬಿಟ್ಟು ಹೋಗುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತ್ತು. ಸಾಲ ತೀರಿಸದಿರುವುದು ಸಿವಿಲ್ ವ್ಯಾಜ್ಯ. ಆದರೆ ಕೂಲಿಯವನು ಹೊರಟರೆ ಮಾತ್ರ ಜೈಲು! ಈ ವಿಚಿತ್ರ ಕಾನೂನು ರದ್ದಾದದ್ದು 1925ರಲ್ಲಿ. ಮಾರಿಷಸ್, ಫಿಜಿಗಳಿಗೆ ಹೋದ ‘ಗಿರ್ಮಿಟ್’ ಕೂಲಿಗಳೂ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಯೇ ಹಡಗು ಹತ್ತಿದವರು.

ಮುಂಗಡದ ಲೆಕ್ಕ

ಸ್ವತಂತ್ರ ಭಾರತದ ಸಂವಿಧಾನದ 23ನೇ ವಿಧಿ ಮಾನವ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿತು. ಆದರೂ ಜೀತ ಪದ್ಧತಿ ರದ್ದತಿ ಕಾಯ್ದೆಗೆ 1976ರವರೆಗೆ ಕಾಯಬೇಕಾಯಿತು. ಹಿಂದಿನ ವರ್ಷದ ಸುಗ್ರೀವಾಜ್ಞೆಯ ದಿನವಾದ 25-10-1975ರಿಂದಲೇ ಅದು ಜಾರಿಗೆ ಬಂದಂತೆ ಪರಿಗಣಿತವಾಯಿತು. ದೇವರಾಜ ಅರಸು ಅವರ ಸರ್ಕಾರ ಋಣ ಪರಿಹಾರ ಕಾಯ್ದೆಯನ್ನು ತಂದದ್ದೂ 1976ರಲ್ಲೇ. ಕಾಗದದ ಮೇಲೆ ಜೀತ ಅಂದೇ ಮುಗಿಯಿತು. ಆದರೆ ಹಳದಿ ಮಾರ್ಗದ ತುದಿಯಲ್ಲಿರುವ ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಅದು ಮುಂದಿನ ದಶಕದಲ್ಲೂ ಉಳಿದಿದ್ದುದನ್ನು ಕಂಡ ಕಿರಣ್ ಕಮಲ್ ಪ್ರಸಾದ್ ಮತ್ತು ಸಂಗಡಿಗರು ‘ಜೀವಿಕ’ ಎಂಬ ಜೀತ ವಿಮುಕ್ತಿ ಸಂಘಟನೆಯನ್ನು ಕಟ್ಟಿದರು.

ಇಂದಿನ ಜೀತ ಊರ ಗೌಡರ ಕೊಟ್ಟಿಗೆಯಲ್ಲಿ ಕಾಣುವುದು ಅಪರೂಪ. ಇಟ್ಟಿಗೆ ಗೂಡು, ಕಲ್ಲು ಗಣಿ ಮೊದಲಾದ ಕಡೆ, ಅಂದರೆ ನಗರವನ್ನು ಕಟ್ಟುವ ಸಾಮಗ್ರಿ ತಯಾರಾಗುವ ಸ್ಥಳಗಳಲ್ಲಿ ಅದರ ಪ್ರಕರಣಗಳು ಹೊರಬರುತ್ತವೆ. ಅದು ಹೇಗೆ ನಡೆಯುತ್ತದೆಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು.

ಗಂಡ ಹೆಂಡತಿ ಇಬ್ಬರೂ ಸೇರಿ 60,000 ರೂಪಾಯಿ ಮುಂಗಡ ಪಡೆಯುತ್ತಾರೆಂದು ಇಟ್ಟುಕೊಳ್ಳೋಣ. ಮಗಳ ಮದುವೆ, ಆಸ್ಪತ್ರೆ, ಬತ್ತಿದ ಕೊಳವೆಬಾವಿ, ಕಾರಣ ಯಾವುದೂ ಇರಬಹುದು. ಮಳೆಗಾಲ ಕಳೆದ ಮೇಲೆ ಗೂಡಿಗೆ ಬರುತ್ತಾರೆ. ಸಾವಿರ ಇಟ್ಟಿಗೆಗೆ 600 ರೂಪಾಯಿ ದರ. ಇಬ್ಬರೂ ದಿನವಿಡೀ ಮಣ್ಣು ಕಲಸಿ ಅಚ್ಚು ಹಾಕಿದರೆ ದಿನಕ್ಕೆ ಸಾವಿರ ಇಟ್ಟಿಗೆ, ವಾರದ ಆರು ದಿನಕ್ಕೆ 3,600 ರೂಪಾಯಿ. ಅದರಲ್ಲಿ ಅಕ್ಕಿ ಬೇಳೆಗೆಂದು ‘ಖರ್ಚಿ’ ರೂಪದಲ್ಲಿ ಕೈಗೆ ಸಿಗುವುದು 1,500. ಉಳಿದ 2,100 ಮುಂಗಡಕ್ಕೆ ಜಮೆ. ಹೀಗೆ 24 ವಾರ ಕಳೆದರೆ ತೀರುವುದು 50,400; ಬಾಕಿ 9,600. ನಡುವೆ ಮಗುವಿಗೆ ಜ್ವರ ಬಂದು 5,000 ಪಡೆದಿದ್ದರೆ ಬಾಕಿ 14,600. ಅಕಾಲ ಮಳೆಗೆ ಕರಗಿದ ಹಸಿ ಇಟ್ಟಿಗೆಗೆ ಕೂಲಿಯಿಲ್ಲ. ಮುಂದಿನ ಹಂಗಾಮಿಗೂ ಅದೇ ಗೂಡಿಗೆ ಬರಬೇಕು. ಲೆಕ್ಕದ ಪುಸ್ತಕ ಮಾಲೀಕನ ಬಳಿ. ಬರೆಯುವವನೂ ಅವನ ಮನುಷ್ಯ.

ಇಷ್ಟರಲ್ಲಿ ಎಲ್ಲಿಯೂ ಸರಪಳಿಯಿಲ್ಲ, ಚಾಟಿಯಿಲ್ಲ. ಇಷ್ಟನ್ನೇ ಕಂಡವರು, ಅವರಾಗಿಯೇ ಬಂದವರಲ್ಲವೇ, ಸಾಲ ಪಡೆದವರಲ್ಲವೇ ಎನ್ನುತ್ತಾರೆ. ಆದರೆ ಹತ್ತನೇ ವಾರದಲ್ಲಿ ಆ ದಂಪತಿ, ಪಕ್ಕದ ಗೂಡಿನಲ್ಲಿ ದರ ಹೆಚ್ಚಿದೆ, ಅಲ್ಲಿಗೆ ಹೋಗುತ್ತೇವೆ ಎಂದರು ಎನ್ನಿ. ಬಾಕಿ 39,000. ಅದನ್ನು ಕೈಗಿಟ್ಟು ಹೋಗಿ ಎನ್ನುತ್ತಾನೆ ಮಾಲೀಕ. ಗಂಡ ಊರಿಗೆ ಹೋಗಿ ಬರಬಹುದು, ಹೆಂಡತಿ ಮಕ್ಕಳು ಇಲ್ಲಿಯೇ ಇರಲಿ ಎನ್ನುತ್ತಾನೆ. ರಾತ್ರಿ ಗೇಟಿಗೆ ಬೀಗ ಬೀಳುತ್ತದೆ. ವಲಸೆ ಜೀತವಾಗಿ ಮಾರ್ಪಡುವ ಗಳಿಗೆ ಇದು. ಬಂದ ದಿನ ಅವರು ಸ್ವತಂತ್ರರೇ ಆಗಿದ್ದಿರಬಹುದು. ಅವರ ಸ್ಥಿತಿಯನ್ನು ನಿರ್ಧರಿಸುವುದು ಹೊರಡಲು ಬಯಸಿದ ದಿನ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1976ರ ಕಾಯ್ದೆಯಂತೆ, ಸಾಲದ ಕಾರಣಕ್ಕೆ ಬೇರೆಡೆ ದುಡಿಯುವ, ಓಡಾಡುವ ಅಥವಾ ನ್ಯಾಯವಾದ ಕೂಲಿ ಪಡೆಯುವ ಸ್ವಾತಂತ್ರ್ಯ ಕಳೆದುಕೊಂಡವನು ಜೀತದಾಳು. ಅಂಥ ಸಾಲ ತಾನಾಗಿಯೇ ರದ್ದು. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದ್ದು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನ ಪ್ರಕಾರ ಹಸಿವಿನ ಒತ್ತಾಯವೂ ಬಲಪ್ರಯೋಗವೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಈ ಅಳತೆಗೋಲನ್ನು ಕಟ್ಟುನಿಟ್ಟಾಗಿ ಹಿಡಿದರೆ ನಗರದ ಎಷ್ಟು ಕಟ್ಟಡಗಳು ಪರೀಕ್ಷೆಯಲ್ಲಿ ತೇರ್ಗಡೆಯಾದಾವು ಎಂಬುದು ಬೇರೆಯೇ ಪ್ರಶ್ನೆ.

2020ರ ಮೇ ತಿಂಗಳ ಎರಡು ದಿನ

ಹಾಗೆಂದು ಬಡ ವಲಸಿಗರೆಲ್ಲರನ್ನೂ ಗುಲಾಮರೆಂದು ಕರೆಯುವುದು ಕನಿಕರದಂತೆ ತೋರಿದರೂ ಅವರ ಸ್ವಂತ ಬುದ್ಧಿ, ನಿರ್ಧಾರಗಳನ್ನು ಅಲ್ಲಗಳೆಯುವ ಮಾತು. ಜೆ.ಪಿ. ನಗರ, ಬನಶಂಕರಿಯಲ್ಲಿ ಮನೆ ಕಟ್ಟುವ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳು ಬಂಧು ಬಳಗದ ಗುಂಪಾಗಿ ಬರುತ್ತವೆ. ಖಾಲಿ ನಿವೇಶನದಲ್ಲಿ ತಗಡಿನ ಶೆಡ್ಡು, ವಾರಕ್ಕೊಮ್ಮೆ ಬಟವಾಡೆ. ಕೂಲಿ ಸರಿಯಿಲ್ಲವೆಂದರೆ ಮೇಸ್ತ್ರಿಯನ್ನು ಬದಲಿಸುತ್ತಾರೆ. ಮಳೆ ಬಿತ್ತೆಂದರೆ ಬಿತ್ತನೆಗೆ ಊರಿಗೆ ಹೋಗುತ್ತಾರೆ. ಗುತ್ತಿಗೆದಾರರು ‘ಇವರನ್ನು ನಂಬುವಂತಿಲ್ಲ’ ಎಂದು ಗೊಣಗುತ್ತಾರಲ್ಲ, ಆ ಗೊಣಗಾಟವೇ ಅವರ ಸ್ವಾತಂತ್ರ್ಯದ ಪ್ರಮಾಣಪತ್ರ.

ಆ ಸ್ವಾತಂತ್ರ್ಯ ಎಷ್ಟು ತೆಳುವಾದದ್ದೆಂಬುದು ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಗೊತ್ತಾಯಿತು. 2020ರ ಮೇ ಮೊದಲ ವಾರ ಹೊರರಾಜ್ಯದ ಕಾರ್ಮಿಕರಿಗಾಗಿ ಬೆಂಗಳೂರಿನ ಸುತ್ತಲಿನ ನಿಲ್ದಾಣಗಳಿಂದ ವಿಶೇಷ ರೈಲುಗಳು ಹೊರಡಲಾರಂಭಿಸಿದ್ದವು. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಕಟ್ಟಡ ನಿರ್ಮಾಣಗಾರರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದರು. ಅದರ ಬೆನ್ನಲ್ಲೇ, ಮರುದಿನದಿಂದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ನೈರುತ್ಯ ರೈಲ್ವೆಗೆ ಪತ್ರ ಬರೆಯಿತು. ನಿರ್ಮಾಣ ಕಾರ್ಯ ಪುನರಾರಂಭವಾಗುತ್ತಿರುವುದರಿಂದ ಕಾರ್ಮಿಕರ ಅನಗತ್ಯ ಪ್ರಯಾಣವನ್ನು ತಪ್ಪಿಸಬೇಕೆಂಬುದು ಸರ್ಕಾರದ ನಿಲುವಾಗಿತ್ತು. ಊರಿಗೆ ಹೊರಟಿದ್ದವರಲ್ಲಿ ಅನೇಕರು ಹೆದ್ದಾರಿ ಹಿಡಿದು ನಡೆದರು. ಕಾರ್ಮಿಕ ಸಂಘಟನೆಗಳು, ವಿರೋಧ ಪಕ್ಷಗಳು ತೀವ್ರವಾಗಿ ಟೀಕಿಸಿದ ಮೇಲೆ ಸರ್ಕಾರ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಮೇ 8ರಿಂದ ರೈಲುಗಳು ಮತ್ತೆ ಓಡಿದವು.

ಎರಡು ದಿನದ ತಡೆಯನ್ನು ಗುಲಾಮಗಿರಿ ಎನ್ನಲಾಗದು. ಆದರೆ ನಮಗೆ ಇವರ ದುಡಿಮೆ ಬೇಕು, ಆದ್ದರಿಂದ ಇವರು ಹೋಗಬಾರದು ಎಂಬ ತರ್ಕವಿದೆಯಲ್ಲ, ಅದು 1859ರ ತೋಟದ ಧಣಿಗಳ ತರ್ಕಕ್ಕಿಂತ ಬಹಳ ದೂರದ್ದೇನಲ್ಲ. ವಿಮಾನ ಹತ್ತಿ ತಮ್ಮ ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡಿದ ಬಿಟಿಎಂ ಲೇಔಟ್‌ನ ತಂತ್ರಜ್ಞನ ಬಗ್ಗೆ ಅಂಥ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಕಾನೂನಿನ ರಕ್ಷಣೆಯಲ್ಲೂ ಒಂದು ತೂತಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೆಸರೇ ಹೇಳುವಂತೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸೂರಿನಿಂದ ಬಂದವನು ಅದರ ವ್ಯಾಪ್ತಿಗೆ ಬರಬಹುದಿತ್ತು. ಸುಮಾರು 500 ಕಿಲೋಮೀಟರ್ ದೂರದ ಯಾದಗಿರಿಯಿಂದ ಬಂದವನು ಬರುತ್ತಿರಲಿಲ್ಲ.

ಮನೆಯೊಳಗಿನ ಪ್ರಶ್ನೆ

ಇಟ್ಟಿಗೆ ಗೂಡು ನಗರದ ಹೊರಗಿದೆ. ಆದರೆ ಇದೇ ಪ್ರಶ್ನೆಯನ್ನು ಜಯನಗರದ ಅಡುಗೆಮನೆಯಲ್ಲೂ ಕೇಳಬಹುದು. ಬೆಳಿಗ್ಗೆ ಬಂದು ನಾಲ್ಕು ಮನೆ ಕೆಲಸ ಮುಗಿಸಿ ಹೋಗುವ ಮಹಿಳೆಗೆ ಒಂದು ಮನೆ ಬಿಡುವ ಶಕ್ತಿಯಿದೆ. ಮನೆಯಲ್ಲೇ ಉಳಿದು ಕೆಲಸ ಮಾಡುವ, ಮಧ್ಯವರ್ತಿಯ ಮೂಲಕ ದೂರದಿಂದ ತರಿಸಿದ ಹುಡುಗಿಯ ಸ್ಥಿತಿ ಬೇರೆ. ಸಂಬಳ ಯಾರ ಖಾತೆಗೆ ಹೋಗುತ್ತದೆ, ಆಧಾರ್ ಚೀಟಿ ಯಾರ ಕಪಾಟಿನಲ್ಲಿದೆ, ವಾರಕ್ಕೊಮ್ಮೆ ಹೊರಗೆ ಹೋಗಬಹುದೇ, ಊರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ? ಹೊಸ ಬಟ್ಟೆ ಕೊಡಿಸಿದ್ದು, ಮನೆಯವಳಂತೆ ನೋಡಿಕೊಂಡದ್ದು ಈ ಪ್ರಶ್ನೆಗಳಿಗೆ ಉತ್ತರವಾಗಲಾರದು. ಮನೆಗೆಲಸಕ್ಕೆ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷಿದ್ಧ.

ಇತ್ತ ಗಣಕ ಕಂಪನಿಗಳ ನೌಕರರೂ ತಮ್ಮದು ‘ಜೀತ’ ಎಂದು ತಮಾಷೆ ಮಾಡುವುದುಂಟು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಬಾಂಡು, ಕೈಗೆ ಸಿಗದ ಬಿಡುಗಡೆ ಪತ್ರ, ತೊಂಬತ್ತು ದಿನದ ನೋಟಿಸು ಇವೆಲ್ಲ ಕಿರಿಕಿರಿಯೇ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗ ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಅದು ಅವನನ್ನು ಉದ್ಯೋಗದಾತನಿಗೆ ಕಟ್ಟಿಹಾಕುತ್ತದೆ ಎಂಬುದರಲ್ಲಿ ಸತ್ಯವಿದೆ. ಆದರೂ ಅಲ್ಲಿ ಹೊರಡುವುದಕ್ಕೆ ಬೆಲೆಯಿದೆಯೇ ಹೊರತು ಬೀಗವಿಲ್ಲ. ಗೂಡಿನ ದಂಪತಿಯ ಮುಂದೆ ಆ ಪದವನ್ನು ತಮಾಷೆಗೆ ಬಳಸುವುದು ಕಷ್ಟ.

ಬಿಡುಗಡೆ ಪತ್ರ

ಜೀತದಿಂದ ಬಿಡಿಸಿದವರಿಗೆ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೀಡುವ ಬಿಡುಗಡೆ ಪತ್ರ ಬಹಳ ಮುಖ್ಯವಾದ ಕಾಗದ. ಸಾಲ ರದ್ದಾದದ್ದಕ್ಕೆ ಅದೇ ಆಧಾರ, ಪುನರ್ವಸತಿಗೂ ಅದೇ ಆಧಾರ. ಕೇಂದ್ರದ 2016ರ ಯೋಜನೆಯಂತೆ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಮಾರಾಟ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿಯಾಗಿದೆ. ಜೀತಕ್ಕೆ ಇಟ್ಟುಕೊಂಡವನಿಗೆ ಕಾಯ್ದೆಯಲ್ಲಿರುವ ಶಿಕ್ಷೆ ಗರಿಷ್ಠ ಮೂರು ವರ್ಷ ಸೆರೆವಾಸ, 2,000 ರೂಪಾಯಿ ದಂಡ. ದಂಡದ ಮೊತ್ತ 1976ರದ್ದೇ.

ತಡೆ ಬರುವುದು ಈ ಪತ್ರದ ಹಂತದಲ್ಲೇ. ತಮ್ಮ ವ್ಯಾಪ್ತಿಯಲ್ಲಿ ಜೀತವಿದೆಯೆಂದು ಬರೆಯಲು ಅಧಿಕಾರಿಗಳು ಹಿಂಜರಿಯುತ್ತಾರೆ, ಅನೇಕ ಪ್ರಕರಣಗಳು ‘ಕೂಲಿ ಬಾಕಿ ವಿವಾದ’ವಾಗಿ ಮುಗಿಯುತ್ತವೆ ಎಂಬುದು ಈ ಕ್ಷೇತ್ರದಲ್ಲಿರುವವರ ಹಳೆಯ ದೂರು. ಟೆಕ್ಸಾಸ್‌ನ ಪಠ್ಯಪುಸ್ತಕ ಗುಲಾಮನನ್ನು ಕಾರ್ಮಿಕನೆಂದು ಬರೆದಾಗ ತಿದ್ದಬೇಕಾದದ್ದು ಒಂದು ಪದ. ತಾಲ್ಲೂಕು ಕಚೇರಿಯ ಕಡತದಲ್ಲಿ ಅದೇ ತಪ್ಪಾದರೆ ಒಂದು ಕುಟುಂಬ ಹಳೆಯ ಸಾಲದೊಂದಿಗೆ ಹಳೆಯ ಗೂಡಿಗೇ ಮರಳುತ್ತದೆ.

ಜೀತದ ಶಂಕೆಯಿದ್ದರೆ ಯಾವುದೇ ನಾಗರಿಕ ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳಿರಬೇಕೆಂದು ಕಾಯ್ದೆಯೇ ವಿಧಿಸಿದೆ. ಮಕ್ಕಳ ವಿಷಯವಾದರೆ 1098, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ದೂರು ಕೊಡುವಾಗ ‘ಕೂಲಿ ಕೊಟ್ಟಿಲ್ಲ’ ಎಂದಷ್ಟೇ ಹೇಳದೆ, ಮುಂಗಡ ಎಷ್ಟು, ಹೊರಗೆ ಹೋಗಲು ಯಾರು ತಡೆದರು, ಯಾರನ್ನು ಹಿಂದೆ ಉಳಿಸಿಕೊಂಡರು ಎಂಬ ವಿವರಗಳನ್ನು ಬರೆಯಿಸುವುದು ಅಗತ್ಯ.